ಮಾಸಿನ ತೂಕ: ಮಗಳಿಗೊಂದು ಪತ್ರ

ತುಮಕೂರು

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

ಜರಾಯುವಿನ ಮೇಲೆ ಸಂಶೋಧನೆ ಮಾಡಲು ನಿನಗೆ ಅವಕಾಶ ದೊರೆತ ದಿನದಿಂದ ಈ ಪತ್ರ ಬರೆಯಬೇಕೆಂದುಕೊಳ್ಳುತ್ತಲೇ ಇದ್ದೆ. ನಿನ್ನ ಪುಸ್ತಕಗಳು ಜರಾಯು ಎನ್ನುವ, ಮಗು ಹುಟ್ಟಿದ ಮೇಲೆ ಹೊರಬೀಳುವ ಪ್ಲಾಸೆಂಟಾವನ್ನು ನಾವು ಮಾಸು ಎನ್ನುತ್ತಿದ್ದೆವು. ಗುಬ್ಬಿಯ ಮನೆಯಲ್ಲಿ ನಿನ್ನ ಅಜ್ಜಿ ಅದನ್ನು ನಾಯಿ ನರಿ ಮುಟ್ಟದಂತೆ ಹಿತ್ತಿಲಲ್ಲಿ ಆಳವಾಗಿ ಹೂಳಿಸಿ, ಮೇಲೆ ಕಲ್ಲು ಇರಿಸುತ್ತಿದ್ದರು. ದಾದಿಯಾಗಿ ನನ್ನ ಕೆಲಸವೆಂದರೆ ಅದನ್ನು ತಟ್ಟೆಯಲ್ಲಿ ಹರಡಿ, ಹೋಳುಗಳೆಲ್ಲ ಕೂಡುತ್ತವೆಯೇ, ಪೊರೆ ಪೂರ್ತಿ ಬಂದಿದೆಯೇ ಎಂದು ನೋಡಿ, ಬಳಿಕ ಹಳದಿ ಚೀಲಕ್ಕೆ ಹಾಕುವುದು. ಒಂದು ಚೂರು ಒಳಗೆ ಉಳಿದರೂ ಬಾಣಂತಿಗೆ ವಿಪರೀತ ರಕ್ತಸ್ರಾವವಾಗಬಹುದಲ್ಲವೇ. ಮಗುವಿನ ತೂಕಕ್ಕೆ ನಮ್ಮ ರಿಜಿಸ್ಟರಿನಲ್ಲಿ ಅಂಕಣವಿತ್ತು. ಮಾಸಿನ ತೂಕಕ್ಕೆ ಇರಲಿಲ್ಲ.

ಪಾವಗಡದ ಕಡೆಯಿಂದ ಎಂಟು ತಿಂಗಳ ಗರ್ಭಿಣಿಯೊಬ್ಬಳನ್ನು ದಾರಿಯಲ್ಲೇ ಫಿಟ್ಸ್ ಬಂದ ಸ್ಥಿತಿಯಲ್ಲಿ ಕರೆತಂದಿದ್ದರು. ಆಕೆ ಉಳಿದಳು; ಮಗು ಉಳಿಯಲಿಲ್ಲ. ಆಕೆಯ ಮಾಸು ನನ್ನ ಅಂಗೈಯಷ್ಟೇ ಇತ್ತು, ಅಲ್ಲಲ್ಲಿ ಬಿಳಿಚಿ ಗಟ್ಟಿಯಾಗಿತ್ತು. ನಾವು ಅದನ್ನು ಬಿಪಿ ಕೇಸು ಎಂದು ಬರೆದು ಮುಗಿಸಿದೆವು. ಅದು ಗರ್ಭನಂಜು, ಅಂದರೆ ಬಸಿರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್‌ವರೆಗೂ ಹೋಗಬಹುದಾದ ಪ್ರೀಎಕ್ಲಾಂಪ್ಸಿಯಾ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳೊಳಗೆ ಇಳಿದು ಅವನ್ನು ಅಗಲಗೊಳಿಸಬೇಕು, ಅದು ಅರ್ಧಕ್ಕೆ ನಿಂತರೆ ರಕ್ತದ ಹರಿವು ಕೆಟ್ಟು, ಸೊರಗಿದ ಮಾಸು ತಾಯಿಯ ರಕ್ತನಾಳಗಳ ಒಳಪದರವನ್ನೇ ಕೆಡಿಸುವ ಪ್ರೋಟೀನನ್ನು ಅತಿಯಾಗಿ ಬಿಡುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಸ್‌ಫ್ಲಿಟ್-1 ಎಂಬ ಆ ಪ್ರೋಟೀನಿನ ಪಾತ್ರವನ್ನು ವೈದ್ಯ ಸಂಶೋಧಕ ಅನಂತ್ ಕರುಮಂಚಿ ಅವರ ತಂಡ 2003ರಲ್ಲಿ ತೋರಿಸಿತು. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ ದಿನವೂ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರೆ, 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2017ರ ಪ್ರಯೋಗವೊಂದು ಕಂಡುಕೊಂಡಿತು. ಆಕೆ ನಮ್ಮಲ್ಲಿಗೆ ಬಂದದ್ದು ಎಂಟನೇ ತಿಂಗಳಿನಲ್ಲಿ, ಮಗಳೇ.

ಬರೆದಿಟ್ಟದ್ದು ಎಂದು ಯಾರಿಗೆ ಬೇಕಾಗುತ್ತದೋ ಹೇಳಲಾಗದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳನ್ನು ಹಿಡಿದು ಸಂಶೋಧಕರು ಅಲ್ಲಿ ಹುಟ್ಟಿದವರನ್ನು ಹುಡುಕಿಕೊಂಡು ಹೋದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚೆಂಬುದು 1996ರಲ್ಲಿ ಪ್ರಕಟವಾಯಿತು. ತೂಕ ಬರೆದ ದಾದಿಯರಿಗೆ ಇದರ ಸುಳಿವೂ ಇದ್ದಿರಲಾರದು.

ಆದ್ದರಿಂದ ಮಾಸಿನ ತೂಕವನ್ನು ಮಾತ್ರ ಬರೆದು ಸುಮ್ಮನಾಗಬೇಡ. ಹೊಕ್ಕುಳಬಳ್ಳಿ, ಪೊರೆಗಳನ್ನು ಕತ್ತರಿಸಿದ ಮೇಲೆ ತೂಗಿದೆಯೋ ಮೊದಲೋ, ಬಳ್ಳಿಗೆ ಕ್ಲಿಪ್ ಹಾಕಿದ್ದು ಯಾವಾಗ, ಸಹಜ ಹೆರಿಗೆಯೋ ಸಿಸೇರಿಯನ್ನೋ, ಮಾಸು ಬಿದ್ದ ಎಷ್ಟು ನಿಮಿಷಕ್ಕೆ ಮಾದರಿಯ ತುಣುಕು ಅದನ್ನು ಹೆಪ್ಪುಗಟ್ಟಿಸುವ ದ್ರವ ಸಾರಜನಕ ಸೇರಿತು, ಅದು ನಡುವಿನದೋ ಅಂಚಿನದೋ ಎಲ್ಲವೂ ಇರಲಿ. ಇವು ಬದಲಾದರೆ ನಿನ್ನ ಫಲಿತಾಂಶವೂ ಬದಲಾಗುತ್ತದೆ.

ಒಪ್ಪಿಗೆಯನ್ನು ನೋವು ಶುರುವಾದ ಮೇಲೆ ಕೇಳಬೇಡ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬಂದ ದಿನವೇ ಪಕ್ಕದಲ್ಲಿ ಕುಳಿತು, ಮಾಸು ಎಂಬ ಮಾತಿನಲ್ಲೇ ವಿವರಿಸು. ನಿನ್ನ ಅಜ್ಜಿಯಂತೆ ಅದನ್ನು ಮನೆಗೆ ಒಯ್ದು ಹೂಳಬೇಕೆನ್ನುವವಳಿದ್ದರೆ, ಮಾದರಿ ತೆಗೆದುಕೊಂಡು ಉಳಿದದ್ದನ್ನು ಆಕೆಗೆ ಒಪ್ಪಿಸಲು ನಿಯಮದಲ್ಲಿ ದಾರಿ ಇದೆಯೇ ಎಂದು ನಿನ್ನ ಮಾರ್ಗದರ್ಶಕರನ್ನು ಕೇಳಿ ನನಗೆ ಬರೆ.

ನಿನ್ನ
ಅಮ್ಮ