ಬರ್ಗರ್ ಯಂತ್ರ ಬೇಡ, ತಕ್ಕಡಿ ತಗೋ

ಕೊಪ್ಪಳ

ಚಿರಂಜೀವಿ ತಮ್ಮನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ರಾಯಚೂರಿನ ರೂಮಿನಲ್ಲಿ ನೀನೇ ಅಡಿಗೆ ಮಾಡಿಕೊಳ್ಳುತ್ತೀ ಎಂದು ಕೇಳಿ ಬಹಳ ಸಂತೋಷವಾಯಿತು. ಆದರೆ ಬರ್ಗರ್ ಮಾಡಲು ಕರೆಂಟಿನ ಯಂತ್ರ ತರಿಸುತ್ತೇನೆ ಎಂದೆಯಲ್ಲ, ಅದೊಂದು ನನ್ನ ಮನಸ್ಸಿಗೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಆ ಯಂತ್ರ ಪ್ಯಾಟಿಯನ್ನು, ಅಂದರೆ ಬನ್ನಿನ ನಡುವೆ ಇಡುವ ಬಿಲ್ಲೆಯನ್ನು, ದುಂಡಗೆ ಒತ್ತಿ ಕೊಡುತ್ತದೆ. ದುಂಡಗೆ ಒತ್ತಲು ಸ್ಟೀಲ್ ಡಬ್ಬಿಯ ಮುಚ್ಚಳ ಸಾಕು. ದುಡ್ಡು ಹಾಕುವುದಿದ್ದರೆ ಮೂರಕ್ಕೆ ಹಾಕು: ಸಣ್ಣ ಡಿಜಿಟಲ್ ತಕ್ಕಡಿ, ಕಡ್ಡಿ ಚುಚ್ಚಿ ಕಾವು ನೋಡುವ ಥರ್ಮಾಮೀಟರ್, ಭಾರದ ಕಬ್ಬಿಣದ ಹಂಚು.

ಮೊದಲು ಹಂಚು. ನಿಮ್ಮವ್ವ ಕಟ್ಟಿಕೊಟ್ಟ ರೊಟ್ಟಿ ಹಂಚನ್ನು ಇದಕ್ಕೆ ಇಡಬೇಡ. ನೀರು ಸವರಿ ಬೇಯಿಸುವ ಜೋಳದ ರೊಟ್ಟಿಗೆ ಒಣಗಿದ ಹಂಚೇ ಬೇಕು. ಒಮ್ಮೆ ಕೊಬ್ಬು ಕುಡಿದರೆ ಆ ವಾಸನೆ ರೊಟ್ಟಿಗೆ ಹತ್ತುತ್ತದೆ, ಬೇಗ ಬಿಡುವುದಿಲ್ಲ. ಬೇರೆ ಹಂಚು ತಗೋ, ಕೈಯಲ್ಲಿ ಎತ್ತಿದರೆ ಭಾರ ಅನಿಸಬೇಕು. ತೆಳು ಹಂಚಿನ ಮೇಲೆ ತಣ್ಣನೆಯ ಕೈಮಾ ಬಿದ್ದ ಕೂಡಲೇ ಅದರ ಕಾವು ಇಳಿದುಬಿಡುತ್ತದೆ. ಮಾಂಸ ನೀರು ಬಿಟ್ಟು ಆ ನೀರಿನಲ್ಲೇ ಬೇಯುತ್ತದೆ, ಕೆಂಪಗೆ ಹುರಿಯುವುದಿಲ್ಲ. ಬರ್ಗರಿನ ರುಚಿ ಇರುವುದೇ ಆ ಕೆಂಪು ಹೊರಪದರದಲ್ಲಿ. ಮೇಲಿನ ನೀರು ಆರಿ ಕಾವು ಸುಮಾರು 140 ಡಿಗ್ರಿ ದಾಟಿದ ಮೇಲೇ ಅದು ಬರುತ್ತದೆ. ಹನಿ ನೀರು ಚಿಮುಕಿಸಿ ನೋಡು. ಚುಂಯ್ ಎಂದು ಅಲ್ಲೇ ಆರಿದರೆ ಇನ್ನೂ ಕಾಯಬೇಕು, ಹನಿ ಗುಂಡಗಾಗಿ ಹಂಚಿನ ಮೇಲೆ ಓಡಿದರೆ ಕಾದಿದೆ. ನಾನ್‌ಸ್ಟಿಕ್ ತವೆಯನ್ನು ಮಾತ್ರ ಹೀಗೆ ಖಾಲಿ ಕಾಯಿಸಬೇಡ, ಅದರ ಲೇಪ ಕೆಡುತ್ತದೆ.

ಕೈಮಾ ಕೊಳ್ಳುವಾಗ ಕಟುಕರ ಅಂಗಡಿಯಲ್ಲಿ ಎದುರಿಗೆ ನಿಂತು ಮಾಡಿಸಿಕೋ. ಕೊಬ್ಬು ತೆಗೆಸಬೇಡ. ಒಂದು ಕಿಲೋದಲ್ಲಿ 800 ಗ್ರಾಂ ಮಾಂಸ, 200 ಗ್ರಾಂ ಕೊಬ್ಬು ಇರಲಿ. ಬರೀ ಕೆಂಪು ಮಾಂಸದ ಪ್ಯಾಟಿ ಒಣಗಿ ಗಂಟಲಲ್ಲಿ ನಿಲ್ಲುತ್ತದೆ. ಮಟನ್ ಕೊಬ್ಬು ಬೇಗ ಗಟ್ಟಿಯಾಗುವಂಥದ್ದು, ಆರಿದರೆ ಮೇಣದ ಹಾಗೆ ಬಾಯಿಯ ಅಂಗುಳಕ್ಕೆ ಹತ್ತುತ್ತದೆ. ಆದ್ದರಿಂದ ಗೆಳೆಯರು ಬಂದು ಕೂತ ಮೇಲೇ ಹಂಚಿಗೆ ಹಾಕು.

ರಾಯಚೂರಿನ ಬಿಸಿಲು ನಿನಗೆ ಗೊತ್ತೇ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. 32 ಡಿಗ್ರಿಗಿಂತ ಹೆಚ್ಚು ಸೆಕೆಯಿದ್ದಾಗ ಹಸಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಅಂಗಡಿಯಿಂದ ಬರುವ ದಾರಿಯೂ ಆ ತಾಸಿನಲ್ಲೇ ಸೇರಿತು. ಬಂದ ಕೂಡಲೇ ಫ್ರಿಜ್ಜಿನಲ್ಲಿಡು. ಸ್ಟೀಲ್ ತಾಟನ್ನೂ ಜೊತೆಗೇ ತಂಪಾಗಲು ಇಟ್ಟು, ಪ್ಯಾಟಿಯನ್ನು ಅದರ ಮೇಲೇ ಮಾಡು. ಕೈ ಕಾವಿಗೆ ಕೊಬ್ಬು ಕರಗಿದರೆ ಪ್ಯಾಟಿ ಹಂಚಿನ ಮೇಲೆ ಒಡೆಯುತ್ತದೆ.

ತಕ್ಕಡಿ ಇಟ್ಟು ಒಂದೊಂದು ಉಂಡೆ 120 ಗ್ರಾಂ ತೂಗಿಕೋ. ಕಣ್ಣಳತೆ ಎನ್ನಬೇಡ. ಉಂಡೆ ಹೆಚ್ಚುಕಡಿಮೆಯಾದರೆ ಒಂದು ಸೀಯುವಾಗ ಇನ್ನೊಂದು ಹಸಿ ಇರುತ್ತದೆ. ಬನ್ನಿಗಿಂತ ಒಂದು ಬೆರಳು ಅಗಲವಾದ ಮುಚ್ಚಳ ಹುಡುಕು. ಅದರೊಳಗೆ ಬಟರ್ ಪೇಪರ್ ಹಾಸಿ, ಉಂಡೆ ಇಟ್ಟು ಹಗುರಾಗಿ ಒತ್ತು, ಚಪಾತಿ ಹಿಟ್ಟು ನಾದಿದಂತೆ ನಾದಬೇಡ. ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡು. ಬೇಯುವಾಗ ಅಂಚು ಒಳಗೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ, ಗುಳಿಯಿದ್ದರೆ ಸಮನಾಗುತ್ತದೆ. ಉಪ್ಪನ್ನು ಕೈಮಾದಲ್ಲಿ ಕಲಸಲೇಬೇಡ. ಉಪ್ಪು ಮಾಂಸದೊಳಗಿನ ಅಂಟನ್ನು ಹೊರಗೆ ತಂದು ಪ್ಯಾಟಿಯನ್ನು ರಬ್ಬರಾಗಿಸುತ್ತದೆ. ಹಂಚಿಗೆ ಹಾಕುವ ಮುಂಚೆ ಎರಡೂ ಮೈಗೆ ಉದುರಿಸಿದರೆ ಸಾಕು. ಹಾಕಿದ ಮೇಲೆ ಸಟ್ಟುಗದಿಂದ ಅದುಮಬೇಡ, ಚುಂಯ್‌ಗುಟ್ಟುವ ಸದ್ದು ಚೆಂದ, ಆದರೆ ರಸವೆಲ್ಲ ಒಲೆಯ ಪಾಲಾಗುತ್ತದೆ. ಪ್ಯಾಟಿ ತಾನಾಗಿ ಹಂಚು ಬಿಟ್ಟಾಗ ತಿರುವಿ ಹಾಕು.

ಇನ್ನು ಥರ್ಮಾಮೀಟರ್. ನೀನು ಇದನ್ನು ಬೇಡ ಎನ್ನುತ್ತೀ ಎಂದು ಗೊತ್ತು, ಆದರೆ ಈ ಮಾತೊಂದು ಕೇಳು. ಇಡೀ ತುಂಡು ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಹೊರಗೆ ಹುರಿದರೆ ಸಾಯುತ್ತವೆ. ಕೈಮಾ ಮಾಡಿದಾಗ ಆ ಹೊರಮೈಯೆಲ್ಲ ಒಳಗೆ ಸೇರಿಬಿಡುತ್ತದೆ. ಒಳಗಿನ ಬಣ್ಣ ನೋಡಿ ಬೆಂದಿದೆ ಎನ್ನುವಂತಿಲ್ಲ, ಪೂರ್ತಿ ಬೇಯುವ ಮುಂಚೆಯೇ ಕಂದಾಗುವುದುಂಟು. ಅಮೆರಿಕದ ಕೃಷಿ ಇಲಾಖೆ ಕೈಮಾಕ್ಕೆ ಹೇಳುವ ಅಳತೆ 71 ಡಿಗ್ರಿ ಸೆಲ್ಸಿಯಸ್, ಕೋಳಿಯದಾದರೆ 74. ಕಡ್ಡಿಯನ್ನು ಮೇಲಿನಿಂದ ಚುಚ್ಚಿದರೆ ತುದಿ ಹಂಚಿಗೆ ತಾಗಿ ಸುಳ್ಳು ಲೆಕ್ಕ ತೋರಿಸುತ್ತದೆ. ಪಕ್ಕದಿಂದ ನಡುವಿನವರೆಗೆ ತೂರಿಸು. ತಂದ ದಿನವೇ ಪರೀಕ್ಷೆ ಮಾಡು: ಪುಡಿ ಮಾಡಿದ ಐಸ್ ತುಂಬಿದ ನೀರಿನಲ್ಲಿ 0 ತೋರಿಸಬೇಕು, ಕುದಿಯುವ ನೀರಿನಲ್ಲಿ 98-99. ರಾಯಚೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಮೇಲಿದೆ, 100 ತೋರಿಸದಿದ್ದರೆ ಕೆಟ್ಟಿದೆ ಎಂದು ವಾಪಸ್ ಕೊಡಬೇಡ.

ಬನ್ನನ್ನು ಅದೇ ಹಂಚಿನಲ್ಲಿ ಬೆಣ್ಣೆ ಹಚ್ಚಿ ಕೆಂಪಗೆ ಮಾಡು, ರಸಕ್ಕೆ ಮೆತ್ತಗಾಗುವುದಿಲ್ಲ. ಚೀಸ್ ಕರಗಿಸಲು ಪ್ಯಾಟಿಯ ಪಕ್ಕದಲ್ಲಿ ಚಮಚ ನೀರು ಹಾಕಿ ಬೋಗುಣಿ ಬೋರಲು ಮುಚ್ಚು. ಉಳ್ಳಾಗಡ್ಡಿಯನ್ನು ಈಳಿಗೆಯಲ್ಲಿ ತೆಳ್ಳಗೆ ಹೆಚ್ಚು. ಶೇಂಗಾ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಸವರಿ ನೋಡು, ಬಾಟಲಿ ಸಾಸಿಗಿಂತ ನನಗೆ ಅದೇ ಇಷ್ಟ.

ನಿನ್ನ ರೂಮಿನಲ್ಲಿ ಮಾಂಸ ತಿನ್ನದ ಹುಡುಗನೂ ಇದ್ದಾನಲ್ಲ, ಅವನನ್ನು ಬರೀ ಬನ್ನು ತಿನ್ನಲು ಬಿಡಬೇಡ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಕುದಿಸು, ಇಲ್ಲದಿದ್ದರೆ ನೀರು ಕುಡಿಯುತ್ತದೆ. ಸುಲಿದು, ಪೂರ್ತಿ ಆರಿಸಿ, ತುರಿದು, ಪುಟಾಣಿ ಹಿಟ್ಟು ಬೆರೆಸಿ ಪ್ಯಾಟಿ ಮಾಡು. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟರೆ ಒಡೆಯುವುದಿಲ್ಲ. ಅವನಿಗೆ ಹಂಚು, ಸಟ್ಟುಗ ಎರಡೂ ಬೇರೆ ಇಡು. ಕೇಳದೆಯೇ ಇಡು.

ಹಂಚನ್ನು ಮಾತ್ರ ನೀನೊಬ್ಬನೇ ಕೊಳ್ಳುವುದು ಬೇಡ. ಗವಿಮಠದ ಜಾತ್ರೆಗೆ ಬಂದಾಗ ಇಬ್ಬರೂ ಹೋಗಿ ಆರಿಸೋಣ. ಅಲ್ಲಿಯವರೆಗೆ ತಕ್ಕಡಿ, ಥರ್ಮಾಮೀಟರ್ ತಂದಿಟ್ಟುಕೋ, ತಂದ ಮೇಲೆ ಫೋನ್ ಮಾಡು.

ಇಂತಿ ನಿನ್ನ
ಸೋದರತ್ತೆ