ಬಾಂಬರ್‌ಗೆ ಜನ ಬೇಕಾಗಿದ್ದಾರೆ

ಲಿಂಕನ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಾವಿಲ್ಲಿ ಕ್ಷೇಮ. ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮಾ, ನೀನು ಕಳಿಸಿದ ಚಟ್ನಿಪುಡಿ ಬಂತು. ದಾರಿಯಲ್ಲಿ ಮುಚ್ಚಳ ಬಿಟ್ಟುಕೊಂಡು ಸ್ವೆಟರ್‌ಗೆಲ್ಲ ಇಂಗಿನ ವಾಸನೆ. ಪರವಾಗಿಲ್ಲ, ಪುಡಿ ಜಾಸ್ತಿ ಚೆಲ್ಲಿಲ್ಲ.

ಮೊನ್ನೆ ಫೋನಿನಲ್ಲಿ ನೀನು "ಮಗಳು ಸ್ಕೂಲಿಗೆ ಹೋಗೋ ಹೊತ್ತಾಯ್ತು, ಇನ್ನೂ ವಿಮಾನದ ಆಟ ಆಡ್ತೀಯಲ್ಲೋ" ಅಂದೆ. ಆಟ ಹೌದು. ಆದರೆ ಈಗ ನಾನು ಆಡುವುದಕ್ಕಿಂತ ಆಟಕ್ಕೆ ಜನ ಹುಡುಕುವುದೇ ಜಾಸ್ತಿ ಆಗಿದೆ. ಅದನ್ನು ಫೋನಿನಲ್ಲಿ ಹೇಳಿದರೆ ನೀನು ನಗ್ತೀಯ ಅಂತ ಬರೆಯುತ್ತಿದ್ದೇನೆ.

ನಾವು ಹಾರಿಸುವುದು ಐಎಲ್-2 ಸರಣಿಯ ಕ್ಲಿಫ್ಸ್ ಆಫ್ ಡೋವರ್ ಅನ್ನುವ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ. ಕಾಲ ಎರಡನೇ ಮಹಾಯುದ್ಧದ 1941-42, ಜಾಗ ಲಿಬಿಯಾದ ಟೊಬ್ರುಕ್ ಸುತ್ತಲಿನ ಮರುಭೂಮಿ, ವಿಮಾನ ಬ್ರಿಟಿಷರ ವೆಲಿಂಗ್ಟನ್ ಬಾಂಬರ್. ಅಪ್ಪ, ಇದರ ರಚನೆ ನಿಮಗೆ ಇಷ್ಟವಾಗುತ್ತೆ. ಬುಟ್ಟಿ ಹೆಣೆದ ಹಾಗೆ ಅಡ್ಡಡ್ಡ ಹೆಣೆದ ಲೋಹದ ಪಟ್ಟಿಗಳು, ಅದರ ಮೇಲೆ ಬಟ್ಟೆ. ಬಾರ್ನ್ಸ್ ವಾಲಿಸ್ ಮಾಡಿದ ಡಿಸೈನ್. ಗುಂಡು ತಾಗಿ ಒಂದು ಕಡೆ ಹರಿದರೂ ಉಳಿದ ಪಟ್ಟಿಗಳು ಭಾರ ಹೊತ್ತುಕೊಂಡು ಮನೆ ತಲುಪಿಸುತ್ತಿದ್ದವು. 11,000ಕ್ಕೂ ಜಾಸ್ತಿ ಕಟ್ಟಿದರು.

ಈ ಆಟದಲ್ಲಿ ಒಂದೇ ವಿಮಾನದ ಬೇರೆ ಬೇರೆ ಸೀಟಿನಲ್ಲಿ ಬೇರೆ ಬೇರೆ ಮನುಷ್ಯರು ಕೂರಬಹುದು. ಒಬ್ಬ ಪೈಲಟ್, ಒಬ್ಬ ಬಾಂಬು ಹಾಕುವವನು, ಮುಂದೊಬ್ಬ ಹಿಂದೊಬ್ಬ ಗನ್ನರ್. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು. ಖಾಲಿ ಸೀಟಿನ ಬಂದೂಕನ್ನು ಕಂಪ್ಯೂಟರೇ ನೋಡಿಕೊಳ್ಳುತ್ತೆ. ಆದರೆ ಅದರಲ್ಲಿ ಏನು ಸುಖ?

ಕಷ್ಟ ಶುರುವಾಗುವುದೇ ಇಲ್ಲಿ. ಬರುವವರಿಗೆಲ್ಲ ಒಬ್ಬರೇ ಹಾರಿಸುವ ಫೈಟರ್ ವಿಮಾನ ಸ್ಪಿಟ್‌ಫೈರ್ ಬೇಕು. ಬಾಂಬರ್‌ಗೆ ಒಪ್ಪಿದರೂ ಪೈಲಟ್ ಸೀಟೇ ಬೇಕು. ಹಿಂದೆ ಕೂರುವವರೇ ಇಲ್ಲ! ನಮ್ಮ ಸ್ಕ್ವಾಡ್ರನ್‌ನಲ್ಲಿ, ಅಂದರೆ ನಮ್ಮ ಆಟದ ಗುಂಪಿನಲ್ಲಿ, ಪೈಲಟ್‌ಗಳಿಗೆ ಬರ ಇಲ್ಲ, ಬಾಲ ಕಾಯುವವರಿಗೆ ಬರ. ಹಾಗಾಗಿ ಹೊಸಬರನ್ನು ಮಾತಾಡಿಸಿ, ಪರೀಕ್ಷೆ ಮಾಡಿ, ಸೇರಿಸಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು.

ನಾನು ಕೇಳುವ ಮೊದಲ ಪ್ರಶ್ನೆ "ನಿಮ್ಮ ಮನೆಯಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ?" ಅಂತ. ಹೊಸಬರು ತಬ್ಬಿಬ್ಬಾಗುತ್ತಾರೆ. ಆದರೆ ಗುರಿಯ ಹತ್ತಿರ ಬಂದಾಗ ಹೆಂಡತಿ ಊಟಕ್ಕೆ ಕರೆದಳು ಅಂತ ಒಬ್ಬ ಎದ್ದು ಹೋದರೆ ಉಳಿದವರ ಎರಡು ಗಂಟೆ ನೀರುಪಾಲು. ಗುರಿ ಇಡುವುದನ್ನು ಕಲಿಸಬಹುದು, ಕೂರುವುದನ್ನು ಕಲಿಸೋಕೆ ಆಗಲ್ಲ.

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ಕೈ ಬಹಳ ಚುರುಕು. ಮರುಭೂಮಿಯ ಮೇಲೆ ಕತ್ತಲಲ್ಲಿ ಹೋಗುತ್ತಿದ್ದೆವು. ಸ್ವಲ್ಪ ಹೊತ್ತಿಗೇ "ಏನೂ ಆಗ್ತಿಲ್ಲವಲ್ಲ" ಅಂದ. ಇನ್ನೂ ಸ್ವಲ್ಪ ಹೊತ್ತಿಗೆ ಅವನ ಸೀಟು ಖಾಲಿ. ಅದಾದ ಮೇಲೆ ಬಂದವರು ನಿವೃತ್ತ ಲಾರಿ ಡ್ರೈವರ್, ಅಪ್ಪನ ವಯಸ್ಸು. ಹಿಂದಿನ ಗನ್ನರ್ ಸೀಟು ಕೊಟ್ಟೆ. ಹೋಗುವಾಗಲೂ ಬರುವಾಗಲೂ ಒಂದೇ ಒಂದು ಶತ್ರು ವಿಮಾನ ಇಲ್ಲ. ಆಗಾಗ "ಹಿಂದೆ ಏನೂ ಇಲ್ಲ" ಅಂತ ಒಂದು ಗೊಗ್ಗರು ದನಿ, ಅಷ್ಟೇ. ಇಳಿದ ಮೇಲೆ ಅವರು ಕೇಳಿದ್ದು ಒಂದೇ, ಮುಂದಿನ ಸಲ ಎಷ್ಟು ಗಂಟೆಗೆ ಅಂತ. ಆ ಕ್ಷಣವೇ ಸೇರಿಸಿಕೊಂಡೆ.

ಮಾತಿನ ಶಿಸ್ತನ್ನೂ ನೋಡುತ್ತೇನೆ. ಬಾಂಬು ಹಾಕುವವನು ಮುಂದೆ ಮಲಗಿಕೊಂಡು ಪೈಲಟ್‌ಗೆ ದಾರಿ ಹೇಳಬೇಕು. ಎಡಕ್ಕಾದರೆ "ಲೆಫ್ಟ್ ಲೆಫ್ಟ್" ಅಂತ ಎರಡು ಸಲ, ಬಲಕ್ಕಾದರೆ "ರೈಟ್" ಅಂತ ಒಂದೇ ಸಲ. ಎಂಜಿನ್ ಸದ್ದಿನಲ್ಲಿ ಪದ ಕೇಳಿಸದಿದ್ದರೂ ಎಷ್ಟು ಸಲ ಅಂದ ಅನ್ನುವುದರಿಂದ ತಿಳಿಯಲಿ ಅಂತ ಆಗಿನವರು ಮಾಡಿಕೊಂಡಿದ್ದ ಪದ್ಧತಿ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಆ ಹೊತ್ತಿನಲ್ಲಿ ಬೇರೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಫುಟ್‌ಬಾಲ್ ಸ್ಕೋರ್ ಹೇಳುವವರು ನಮಗೆ ಬೇಡ.

ಮೊದಲ ಸಲವೇ ಬಾಂಬು ಗುರಿಗೆ ಬೀಳಲಿಲ್ಲ ಅಂತ ಮುಖ ಸಪ್ಪಗೆ ಮಾಡುವವರಿಗೆ ನಾನು ಬಟ್ ವರದಿಯ ಕಥೆ ಹೇಳುತ್ತೇನೆ. 1941ರ ಆಗಸ್ಟ್‌ನಲ್ಲಿ ಬಟ್ ಅನ್ನುವ ಅಧಿಕಾರಿ ಬಾಂಬರ್‌ಗಳು ತೆಗೆದ ಫೋಟೋಗಳನ್ನೆಲ್ಲ ಕೂತು ನೋಡಿದ. ಗುರಿಗೆ ಹೊಡೆದೆವು ಅಂದುಕೊಂಡು ಬಂದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿ ಒಳಗೆ ಹೋಗಿತ್ತು. ಐದು ಮೈಲಿ ಅಂದರೆ ಎಂಟು ಕಿಲೋಮೀಟರ್! ನಮ್ಮವರು ಅದಕ್ಕಿಂತ ವಾಸಿ.

ಆಗಿನ ಕಾಲದಲ್ಲಿ ಕ್ರೂ ಸೇರಿಸುತ್ತಿದ್ದ ರೀತಿ ಗೊತ್ತಾ ಅಪ್ಪ? ಇಂಗ್ಲೆಂಡಿನ ತರಬೇತಿ ಕೇಂದ್ರಗಳಲ್ಲಿ ಪೈಲಟ್, ನ್ಯಾವಿಗೇಟರ್, ಗನ್ನರ್ ಎಲ್ಲರನ್ನೂ ಒಂದು ಹ್ಯಾಂಗರ್‌ಗೆ ಬಿಟ್ಟು, ನೀವೇ ಜೊತೆ ಹುಡುಕಿಕೊಳ್ಳಿ ಅನ್ನುತ್ತಿದ್ದರು. ಲಿಸ್ಟ್ ಇಲ್ಲ, ಮೇಲಿನವರ ಆರ್ಡರ್ ಇಲ್ಲ. ಮುಖ ನೋಡಿ, ಒಂದೆರಡು ಮಾತಾಡಿ, "ನಮ್ಮ ಜೊತೆ ಬರ್ತೀಯಾ?" ಅಂತ ಕೇಳುವುದು. ಮಿಲಿಟರಿಯವರು ಹೀಗೆ ಮಾಡ್ತಿದ್ದರು ಅಂದರೆ ನಂಬೋಕೆ ಆಗಲ್ಲ, ಆದರೂ ಅದು ಚೆನ್ನಾಗಿಯೇ ನಡೆಯಿತು. ಹೊಸಬರು ಒಂದಷ್ಟು ಜನ ಸೇರಿದಾಗ ನಾನೂ ಹಾಗೇ ಮಾಡುತ್ತೇನೆ. ಎಲ್ಲರನ್ನೂ ಹರಟೆಗೆ ಬಿಟ್ಟು ಸುಮ್ನೆ ಕೇಳಿಸಿಕೊಳ್ಳುತ್ತೇನೆ. ಯಾರು ಯಾರ ಜೊತೆ ಹಾರುತ್ತಾರೆ ಅನ್ನುವುದು ತಾನಾಗಿ ಗೊತ್ತಾಗುತ್ತೆ.

ಕೆಲವರನ್ನು ಮಾತ್ರ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ. ಹಿಟ್ಲರ್ ಕಡೆಯ ಗುರುತುಗಳನ್ನು ಮೆರೆಸಲು ಬರುವವರು ಒಂದು. ಊರು ಸುಡುವುದೇ ಮಜಾ ಅನ್ನುವವರು ಇನ್ನೊಂದು. ಇದೇ ಊರಿನ ಕ್ಯಾನ್‌ವಿಕ್ ಗುಡ್ಡದ ಮೇಲೆ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್ ಇದೆ, ಅಂದರೆ ಆ ಯುದ್ಧದ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗದ ಸ್ಮಾರಕ. ಅಲ್ಲಿನ ಎತ್ತರದ ಕಂಬ 31 ಮೀಟರ್, ಲ್ಯಾಂಕಾಸ್ಟರ್ ಬಾಂಬರ್‌ನ ರೆಕ್ಕೆಯ ಅಗಲದಷ್ಟೇ. ಸುತ್ತ ಗೋಡೆಗಳ ತುಂಬ ಸತ್ತವರ ಹೆಸರು. ಬಾಂಬರ್ ಕಮಾಂಡ್‌ನಲ್ಲಿ ಹಾರಿದ 1,25,000 ಜನರಲ್ಲಿ 55,573 ಜನ ಸತ್ತರು, ನೂರಕ್ಕೆ ನಲವತ್ನಾಲ್ಕು. ಕೆಳಗೆ ಇದ್ದವರ ಲೆಕ್ಕ ಬೇರೆ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ಒಂದರಲ್ಲೇ 30,000ಕ್ಕೂ ಹೆಚ್ಚು ಜನ. ಇದೆಲ್ಲ ಗೊತ್ತಿದ್ದೂ ಆಡ್ತೀಯಾ ಅಂದರೆ, ಹೌದು ಅಮ್ಮಾ, ಆಡ್ತೀನಿ. ಗೊತ್ತಿಲ್ಲದೆ ಆಡುವವರ ಜೊತೆ ಮಾತ್ರ ಆಡಲ್ಲ.

ಇಂಡಿಯಾದವನಿಗೆ ಇದರಲ್ಲೇನು ಆಸಕ್ತಿ ಅಂತ ಹೊಸಬರು ಕೇಳುವುದುಂಟು. ಆಗ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ತಾತನ ಕಥೆ ಹೊರಗೆ ಬರುತ್ತೆ. ಬ್ರಿಟಿಷರು ಹೋಗುವಾಗ ಬಳಸೋಕೆ ಬಾರದ ಹಾಗೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳು, ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದದ್ದು, ತಾತನ ಶೆಡ್‌ನವರು ಬಿಚ್ಚಿ ಮತ್ತೆ ಜೋಡಿಸಿದ್ದು. 1948ರಲ್ಲಿ ಅವುಗಳಿಂದಲೇ ನಮ್ಮ ವಾಯುಪಡೆಯ ಐದನೇ ಸ್ಕ್ವಾಡ್ರನ್ ಶುರುವಾಯಿತು. 1968ರ ತನಕ ಹಾರಿದವು. ಅದರಲ್ಲಿ ಒಂದನ್ನು 1974ರಲ್ಲಿ ಇಲ್ಲಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಕೊಟ್ಟರು ಅಂದರೆ ಇಂಗ್ಲಿಷರೇ ಬಾಯಿ ಬಿಡುತ್ತಾರೆ. ಅಪ್ಪ, ತಾತ ಲಿಬರೇಟರ್‌ನ ಯಾವ ಭಾಗದ ಕೆಲಸ ಮಾಡ್ತಿದ್ದರು? ಎಂಜಿನ್ ಅಂತ ನನ್ನ ನೆನಪು. ವಿಮಾನಪುರದ ನಿಮ್ಮ ಹಳೇ ಸ್ನೇಹಿತರನ್ನೂ ಒಮ್ಮೆ ಕೇಳಿ ಬರೆಯಿರಿ.

ಅಕ್ಕನ ಮಗ ತಾನೂ ಸೇರ್ತೀನಿ ಅಂತ ಮೆಸೇಜ್ ಹಾಕಿದ್ದಾನೆ. ಪಿಯುಸಿ ಪರೀಕ್ಷೆ ಮುಗಿಯುವ ತನಕ ಬೇಡ. ಆಮೇಲೂ ರಾತ್ರಿ ಹಾರಾಟ ಅವನಿಗಾಗಲ್ಲ, ಇಲ್ಲಿ ಎಂಟಾದರೆ ಅಲ್ಲಿ ನಡುರಾತ್ರಿ ದಾಟಿರುತ್ತೆ. ಶನಿವಾರ ಮಧ್ಯಾಹ್ನ ಹೊಸಬರ ತರಬೇತಿ ಇದೆ, ಅಲ್ಲಿಗೆ ಸಂಜೆ, ಅದಕ್ಕೆ ಬರಲಿ. ಮೈಕ್ ಇರುವ ಹೆಡ್‌ಫೋನ್ ಇದ್ದರೆ ಸಾಕು. ಜಾಯ್‌ಸ್ಟಿಕ್ ಕೊಡಿಸಿ ಅಂತ ಭಾವನ ಪ್ರಾಣ ತಿನ್ನುತ್ತಿದ್ದಾನಂತೆ. ಈಗಲೇ ಕೊಡಿಸಬೇಡಿ ಅಂತ ಹೇಳಿ. ಪೈಲಟ್ ಸೀಟು ಖಾಲಿ ಇಲ್ಲ.

ಇತಿ,
ನಿಮ್ಮ ಮಗ