ಎರಡು ಅಂತಸ್ತಿನ ಕೇಕ್ ಮಾಡುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಜ್ಜ-ಅಜ್ಜಿಯ ಮದುವೆಯ 50ನೇ ವರ್ಷಕ್ಕೆ ನೀನೇ ಎರಡು ಅಂತಸ್ತಿನ ಕೇಕ್ ಮಾಡುತ್ತೀಯ ಅಂತ ಕೇಳಿ ತುಂಬ ಖುಷಿಯಾಯಿತು. ಬೇಕರಿಗೆ ಹೇಳಿಬಿಡು ಅಂತ ಯಾರು ಅಂದರೂ ಕಿವಿಗೆ ಹಾಕಿಕೊಳ್ಳಬೇಡ. ಆದರೆ ಮೊನ್ನೆ ಫೋನಿನಲ್ಲಿ "ಕೆಳಗಿನ ಕೇಕ್ ಸ್ವಲ್ಪ ಗಟ್ಟಿಯಾಗಿ ಮಾಡ್ತೀನಿ, ತಡ್ಕೊಳ್ಳತ್ತೆ" ಅಂದೆಯಲ್ಲ, ಅದು ಆಗದ ಮಾತು. ಅದಕ್ಕೇ ಈ ಕಾಗದ.

ಕೇಕ್ ಎಷ್ಟೇ ಗಟ್ಟಿಯಾಗಿದ್ದರೂ ಇನ್ನೊಂದು ಕೇಕನ್ನು ಹೊರುವುದಿಲ್ಲ. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ನೀನು ಕಂಡೆನ್ಸ್ಡ್ ಮಿಲ್ಕ್ ಹಾಕಿ ಮಾಡುವ ಸ್ಪಾಂಜ್ ಇನ್ನೂ ಮೆತ್ತಗಿರುತ್ತದೆ. ಮೇಲಿನದನ್ನು ಹಾಗೇ ಇಟ್ಟರೆ ನಿಧಾನಕ್ಕೆ ಕುಸಿಯುತ್ತದೆ, ಬದಿಯ ಕ್ರೀಮ್ ಉಬ್ಬಿ ಬಿರುಕು ಬಿಡುತ್ತದೆ. ಚಪ್ಪರದ ಭಾರವನ್ನು ಕಂಬಗಳು ಹೊರುವಂತೆ ಮೇಲಿನ ಕೇಕಿನ ಭಾರವನ್ನೂ ಕಂಬಗಳೇ ಹೊರಬೇಕು. ಕೆಳಗಿನ ಕೇಕ್ ಸುಮ್ನೆ ಅವುಗಳ ಸುತ್ತ ಇರುತ್ತದೆ, ಅಷ್ಟೇ.

ಕಂಬಕ್ಕೆ ಬಬಲ್ ಟೀ ಕುಡಿಯುವ ದಪ್ಪ ಪ್ಲಾಸ್ಟಿಕ್ ಸ್ಟ್ರಾ ಐದು ಸಾಕು. ಕಾಗದದ್ದು ಬೇಡ, ಒಳಗಿನ ತೇವಕ್ಕೆ ಮೆತ್ತಗಾಗುತ್ತದೆ. ಕೆಳಗಿನದು 10 ಇಂಚು, ಮೇಲಿನದು 6 ಇಂಚು ಅಂದಿದ್ದೆ ಅಲ್ವಾ? ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಕೆಳಗಿನ ಕೇಕಿನ ನಡುವೆ 6 ಇಂಚಿನ ಬೋರ್ಡ್ (ಕೇಕಿನ ಅಡಿಗೆ ಇಡುವ ಗಟ್ಟಿ ತಟ್ಟೆ) ಇಟ್ಟು, ಟೂತ್‌ಪಿಕ್‌ನಲ್ಲಿ ಸುತ್ತ ಗೆರೆ ಎಳೆದುಕೋ. ಆ ಗೆರೆಯಿಂದ ಅರ್ಧ ಇಂಚು ಒಳಗೆ ಒಂದು ಸ್ಟ್ರಾವನ್ನು ನೆಟ್ಟಗೆ, ತಳದ ಬೋರ್ಡ್ ತಾಗುವವರೆಗೆ ಇಳಿಸು. ಕ್ರೀಮಿನ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ, ಹೊರಗೆ ತೆಗೆದು, ಕತ್ತರಿಯಲ್ಲಿ ನೇರವಾಗಿ ಕತ್ತರಿಸು. ಉಳಿದ ನಾಲ್ಕನ್ನೂ ಅದರ ಪಕ್ಕ ಹಿಡಿದು ಅದೇ ಅಳತೆಗೆ ಕತ್ತರಿಸು. ಪ್ರತಿಯೊಂದನ್ನೂ ಬೇರೆ ಬೇರೆ ಅಳೆಯಲು ಹೋಗಬೇಡ. ಒಂದು ಗಿಡ್ಡವಾದರೂ ಮೇಲಿನ ಕೇಕ್ ವಾಲುತ್ತದೆ. ಐದನ್ನೂ ಸುತ್ತ ಸಮನಾಗಿ ಇಳಿಸಿ, ನಡುವೆ ಒಂದು ಚಮಚ ಕ್ರೀಮ್ ಸವರು.

ಮೇಲಿನ ಕೇಕಿಗೆ ಅದರದೇ ಬೋರ್ಡ್ ಇರಲೇಬೇಕು. ಇಲ್ಲದಿದ್ದರೆ ಸ್ಟ್ರಾಗಳು ಅದರೊಳಗೇ ತೂರಿಕೊಳ್ಳುತ್ತವೆ. ಎಲ್ಲಕ್ಕಿಂತ ಕೆಳಗಿನ ಬೋರ್ಡ್ ದಪ್ಪವಾಗಿರಲಿ. ಬಾಗುವಂಥದ್ದಾದರೆ ಎತ್ತುವಾಗಲೇ ಕ್ರೀಮ್ ಬಿರಿಯುತ್ತದೆ.

ಸ್ಪಾಂಜನ್ನು ಹಿಂದಿನ ದಿನವೇ ಮಾಡಿ, ಆರಿಸಿ, ಸುತ್ತಿ ಫ್ರಿಜ್ಜಿನಲ್ಲಿಡು. ತಣ್ಣಗಿದ್ದಾಗ ಬ್ರೆಡ್ ಚಾಕುವಿನಲ್ಲಿ ಉಬ್ಬಿದ ತಲೆಯನ್ನು ಸಮ ಮಾಡು. ಅಜ್ಜನಿಗೆ ಪೈನಾಪಲ್ ಇಷ್ಟ, ಗೊತ್ತು, ಆದರೆ ಅದರ ರಸವೇ ಪದರಗಳನ್ನು ಜಾರಿಸುವುದು. ಹಣ್ಣನ್ನು ಬೇಯಿಸಿ ಗಟ್ಟಿ ಮಾಡಿಕೋ, ಅಂಚಿನಲ್ಲಿ ಗಟ್ಟಿ ಕ್ರೀಮಿನ ಕಟ್ಟೆ ಕಟ್ಟಿ ಅದರೊಳಗೆ ತೆಳ್ಳಗೆ ಹರಡು. ಜಾಸ್ತಿ ತುಂಬುವ ಆಸೆ ಬೇಡ.

ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನಲ್ಲೂ ಮಧ್ಯಾಹ್ನ 34 ಡಿಗ್ರಿ ದಾಟುವುದುಂಟು. ಆ ಸೆಕೆಗೆ ವಿಪ್ಪಿಂಗ್ ಕ್ರೀಮ್ ನಂಬಬೇಡ. ಡಾರ್ಕ್ ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು ಸೇರಿಸಿದ ಗನಾಶ್ ಹಚ್ಚು. ಅದು ಗಟ್ಟಿಯಾಗಿ ಕೂತು ಕೇಕಿನ ಆಕಾರ ಕೆಡದಂತೆ ಹಿಡಿಯುತ್ತದೆ. ಮೊದಲು ತೆಳ್ಳಗೆ ಒಂದು ಪದರ ಸವರಿ ಅರ್ಧ ಗಂಟೆ ತಣ್ಣಗಾಗಲು ಬಿಡು, ಆಮೇಲೆ ದಪ್ಪ ಪದರ. ಬಿಳಿಯದೇ ಬೇಕೆಂದು ನಿನ್ನಮ್ಮ ಹಟ ಹಿಡಿದರೆ ಬಿಳಿ ಚಾಕೊಲೇಟ್ ಮೂರು ಪಾಲು ಬೇಕಾಗುತ್ತದೆ.

ಇನ್ನು ವಿಜಯನಗರದಿಂದ ಬಸವನಗುಡಿಯ ಹಾಲ್‌ಗೆ ಹೋಗುವ ದಾರಿ. ಅಷ್ಟು ಹಂಪ್‌ಗಳ ಮೇಲೆ ಜೋಡಿಸಿದ ಕೇಕನ್ನು ಒಯ್ಯುವ ಧೈರ್ಯ ಬೇಡ. ಸ್ಟ್ರಾಗಳನ್ನು ಮನೆಯಲ್ಲೇ ಇಳಿಸಿ, ಎರಡು ಕೇಕನ್ನೂ ಬೇರೆ ಬೇರೆ ಡಬ್ಬದಲ್ಲಿ ಒಯ್ಯಿ. ಕಾರಿನ ಸೀಟು ಇಳಿಜಾರು, ತೊಡೆಯೂ ಅಲುಗಾಡುತ್ತದೆ; ಡಿಕ್ಕಿಯ ಸಮತಟ್ಟಾದ ಜಾಗದಲ್ಲಿ ಜಾರದ ಮ್ಯಾಟ್ ಹಾಸಿ ಇಡು. ನಿನ್ನಪ್ಪನಿಗೆ ನಿಧಾನ ಓಡಿಸಲು ನಾನೇ ಹೇಳುತ್ತೇನೆ. ಅಲ್ಲಿ ಹೋಗಿ ಮೇಲಿನದನ್ನು ಕೂರಿಸಿ, ಸಂದಿಗೆ ಒಂದು ಸುತ್ತು ಗನಾಶ್ ಬಿಟ್ಟರೆ ಮುಗಿಯಿತು. ಗನಾಶ್, ಚಿಕ್ಕ ಚಾಕು, ಒದ್ದೆ ಬಟ್ಟೆ ಜೊತೆಗಿರಲಿ.

ಫೋಟೋ ಆದಮೇಲೆ ಮೇಲಿನ ಕೇಕನ್ನು ಬೋರ್ಡ್ ಸಮೇತ ಎತ್ತಿಟ್ಟು, ಐದೂ ಸ್ಟ್ರಾ ಹೊರಗೆ ಬಂದವಾ ಅಂತ ಎಣಿಸಿಕೊಂಡು, ಆಮೇಲೆ ಮಕ್ಕಳಿಗೆ ಹಂಚು. ಹಿಂದಿನ ದಿನ ಬೆಳಿಗ್ಗೆಯೇ ನಾನು ಬರುತ್ತೇನೆ, ಫ್ರಿಜ್ಜಿನಲ್ಲಿ ಎರಡು ಶೆಲ್ಫ್ ಖಾಲಿ ಮಾಡಿಸಿಡು.

ಇಂತಿ,
ನಿನ್ನ ದೊಡ್ಡಮ್ಮ